ಹಾಲಮ್ಮನ ಬುಧವಾರಗಳು

ಶ್ರಾವಣದ ಎರಡನೇ ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಈ ಅಧ್ಯಾಯವನ್ನು ಈಗ ಶುರು ಮಾಡಿದ್ದೇನೆ. ಮುಂದೆ ನಾಲ್ಕು ನೋಟುಬುಕ್ಕುಗಳಿವೆ. ಮೂರು ನನ್ನವು, ಆರನೇ ತರಗತಿಯಲ್ಲಿದ್ದಾಗ ಬರೆದವು. ನಾಲ್ಕನೆಯದು ನೀಲಿ ರಟ್ಟಿನ ಹಾಜರಿ ಪುಸ್ತಕ, ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಸಂಜೆ ಶಾಲೆಯದು. ಶಾಲೆ ಮುಚ್ಚಿದ ಮೇಲೆ ಅದನ್ನು ಯಾರೂ ವಾಪಸು ಕೇಳಲಿಲ್ಲ, ಅವ್ವ ಟ್ರಂಕಿನಲ್ಲಿಟ್ಟಿದ್ದಳು. ನನಗೀಗ ಇಪ್ಪತ್ತಾರು ವರ್ಷ. ದಿನ, ಹೊತ್ತು, ಲೆಕ್ಕ ಬರೆದಿಡುವ ಚಟ ಇನ್ನೂ ಹೋಗಿಲ್ಲ. ಆ ಚಟದಿಂದ ಒಬ್ಬ ಹೆಂಗಸು ಮನೆ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಳು. ಅದನ್ನು ಬರೆಯದೆ ಉಳಿದದ್ದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮೂರು ಕೋಗಳಿ ಕಡೆ ಹೋಗುವ ರಸ್ತೆಯಿಂದ ಅರ್ಧ ಮೈಲಿ ಒಳಗಿದೆ. ಊರ ದಾರಿ ರಸ್ತೆಗೆ ಕೂಡುವ ಜಾಗವನ್ನು ಎಲ್ಲರೂ ಕ್ರಾಸ್ ಎನ್ನುತ್ತಾರೆ. ನಮ್ಮ ಮನೆ ಊರಿನ ಆ ಕಡೆಯ ಅಂಚಿನಲ್ಲಿತ್ತು. ಮುಂದೆ ಅಪ್ಪನ ಹಿಟ್ಟಿನ ಗಿರಣಿ, ಅದರ ಹಿಂದೆ ಪಡಸಾಲೆ, ಬಲಕ್ಕೆ ಅಡುಗೆಮನೆ, ಎಡಕ್ಕೆ ಜೋಳದ ಚೀಲಗಳ ಕತ್ತಲೆ ಕೋಣೆ, ಕೊನೆಗೆ ಹಿತ್ತಲು. ಗಿರಣಿ ಓಡುವಾಗ ಪಡಸಾಲೆಯ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವ್ವನಿಗೆ ವಯಸ್ಕರ ಶಾಲೆಯ ಕೆಲಸ ಸಿಕ್ಕಾಗ ಪಾಠಕ್ಕೆ ಬೇರೆ ಜಾಗ ಇರಲಿಲ್ಲ. ಹೀಗಾಗಿ ಅವಳ ಮೊದಲ ಜಗಳ ಅಪ್ಪನ ಜೊತೆಗೆ: ಆರೂವರೆಗೆ ಗಿರಣಿ ನಿಲ್ಲಿಸಬೇಕು. ಎರಡನೆಯದು ಅಜ್ಜಿಯ ಜೊತೆಗೆ: ಆರೂವರೆಗೆ ಟೀವಿ ಆರಿಸಬೇಕು. ಅಪ್ಪ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಆಗಲಿ ಎಂದ. ಅಜ್ಜಿ ಒಪ್ಪಲಿಲ್ಲ.

“ಊರಾನ ಹೆಂಗಸ್ರು ಅ ಆ ಕಲಿಯಾಕ ನಾ ನನ್ನ ಧಾರಾವಾಹಿ ಬಿಡ್ಬೇಕೇನು? ಆ ಸೊಸಿ ಹಾಲಿನಾಗ ವಿಷ ಹಾಕಿದ್ಲೋ ಇಲ್ಲೋ, ನಾಳೆ ನನಗ ಯಾರು ಹೇಳ್ತಾರ?”

“ದುರುಗಮ್ಮ ಹೇಳ್ತಾಳ ಬಿಡ್ರಿ ಅತ್ತಿ. ಮಧ್ಯಾಹ್ನ ಇನ್ನೊಮ್ಮಿ ಹಾಕ್ತಾರಂತ, ಆಕಿ ನೋಡ್ತಾಳ.”

“ದುರುಗಮ್ಮ ಹೇಳಿದ್ರ ವಿಷಾನೂ ಸಪ್ಪಗ ಆಗ್ತೈತಿ.”

ಅಜ್ಜಿ ಟೀವಿ ಆರಿಸದ ದಿನಗಳು ನನ್ನ ಲೆಕ್ಕದಲ್ಲಿ ಒಂಬತ್ತು. ಹತ್ತನೆಯ ದಿನ ಅವಳು ಮಂಚವನ್ನು ತಾನೇ ಗೋಡೆಗೆ ಸರಿಸಿ, ಪಾಠ ನಡೆಯುವಷ್ಟು ಹೊತ್ತೂ ಅದರ ಮೇಲೆ ಮುಖ ತಿರುವಿಕೊಂಡು ಮಲಗಿದಳು. ಕಿವಿ ಮಾತ್ರ ನಮ್ಮ ಕಡೆಗಿತ್ತು. ಶಾಲೆ ಶುರುವಾದ ಮೇಲೆ ಮನೆಯ ಹೊತ್ತುಗಳೆಲ್ಲ ಬದಲಾದವು. ಸಂಜೆ ಐದಕ್ಕೆ ಒಲೆ ಹೊತ್ತಬೇಕು, ಆರರೊಳಗೆ ರೊಟ್ಟಿ ಮುಗಿಯಬೇಕು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಿಂದು ನಾನು ನೆಲ ಗುಡಿಸಿ ಚಾಪೆ ಹಾಸುತ್ತಿದ್ದೆ. ಆಮೇಲೆ ಹದಿನೈದು ಸ್ಲೇಟುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದೆ. ಏಳಕ್ಕೆ ಸರಿಯಾಗಿ ಹೆಸರು ಕರೆದು ಹಾಜರಿ ಹಾಕುವುದು ನನ್ನ ಕೆಲಸ. ಬಂದವರ ಹೆಸರಿನ ಮುಂದಿನ ಮನೆಯಲ್ಲಿ ‘ಹಾ’, ಬಾರದವರದರಲ್ಲಿ ‘ಗೈ’, ಅಂದರೆ ಗೈರು. ಅವ್ವ ಹೇಳಿಕೊಟ್ಟದ್ದು ಇಷ್ಟೇ: “ಕಂಡದ್ದು ಬರೀ. ಕಾಣದ್ದು ಬರೀಬ್ಯಾಡ.”

ಅವ್ವ ಇನ್ನೊಂದು ಪದ್ಧತಿ ಇಟ್ಟಿದ್ದಳು. ಹಳೇ ಬ್ಯಾಟರಿ ಸೆಲ್ಲು ಒಡೆದು, ಒಳಗಿನ ಕರಿಗೆ ತೊಂಡೆಸೊಪ್ಪಿನ ರಸ ಕಲಸಿ, ಮನೆಯ ಹೊರಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹಲಗೆ ಬಳಿದಿದ್ದಳು. ಪ್ರತಿ ಸಂಜೆ ಪಾಠ ಮುಗಿದ ಮೇಲೆ ಇಬ್ಬರು ಅದರ ಮೇಲೆ ಊರಿನ ಒಂದೊಂದು ಸುದ್ದಿ ಬರೆಯಬೇಕು, ಕೆಳಗೆ ತಮ್ಮ ಹೆಸರು ಹಾಕಬೇಕು. ‘ನಾಳೆ ನಲ್ಲಿಗೆ ನೀರು ಬರುವುದಿಲ್ಲ.’ ‘ಅಂಗನವಾಡಿಯ ಬಾಗಿಲಿಗೆ ಚಿಲಕ ಹಾಕಿಸಿದರು.’ ‘ನಮ್ಮ ಎಮ್ಮೆ ಈದಿದೆ, ಕೋಣಗರು.’ ಗೋಡೆಯ ಎದುರಿಗೇ ಬೇವಿನ ಕಟ್ಟೆ ಇತ್ತು. ಬೆಳಿಗ್ಗೆ ಅಲ್ಲಿ ಕೂರುವ ಗಂಡಸರಲ್ಲಿ ಓದು ಬಲ್ಲವರು ಕಡಿಮೆ. ಶಾಲೆಗೆ ಹೋಗುವ ಮೊದಲು ನಾನು ಗೋಡೆಯ ಪಕ್ಕ ನಿಂತು ಅವರಿಗೆ ಸುದ್ದಿ ಓದಿ ಹೇಳುತ್ತಿದ್ದೆ. “ಏನವ್ವ, ಇವತ್ತೇನ್ ಹೇಳ್ತೈತಿ ನಿಮ್ಮ ಗೋಡಿ?” ಎಂದು ಅವರು ಕೇಳುವುದನ್ನೇ ಕಾಯುತ್ತಿದ್ದೆ. ಹಾಗೆ ಓದಿದ ಬೆಳಗುಗಳು ನನ್ನ ಪುಸ್ತಕದಲ್ಲಿ ಎಂಬತ್ತಾರು.

ಹದಿನೈದು ಹೆಸರುಗಳಲ್ಲಿ ಏಳನೆಯದು ಹಾಲಮ್ಮ. ನಲವತ್ತರ ಹೆಂಗಸು, ಕುರಿ ಸಾಕುವ ಕೊಟ್ರಪ್ಪನ ಹೆಂಡತಿ. ಅವರ ಒಬ್ಬಳೇ ಮಗಳು ರೇಣುಕಾ ಹಿಂದಿನ ವರ್ಷ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೊಳಲು ಎಂಬ ಊರು ಸೇರಿದ್ದಳು. ಅಂದಿನಿಂದ ಕೊಟ್ರಪ್ಪನ ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಮನೆಗಿದ್ದ ಒಂದೇ ಫೋನು ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ರೇಣುಕಾಳ ಗಂಡ ಹಡಗಲಿ ಕಡೆಯ ಮಲ್ಲಿಗೆಯನ್ನು ಗೂಡ್ಸ್ ಆಟೋದಲ್ಲಿ ಒಯ್ಯುತ್ತಿದ್ದ. ಬುಧವಾರ ಸಂಜೆ ಏಳರ ಹೊತ್ತಿಗೆ ಅವನ ಆಟೋ ನಮ್ಮ ಕ್ರಾಸ್ ದಾಟುತ್ತಿತ್ತು. ರೇಣುಕಾ ಎಳೆಗೂಸನ್ನು ಕಟ್ಟಿಕೊಂಡು ಗಂಡನ ಪಕ್ಕ ಕುಳಿತು ಬರುತ್ತಿದ್ದಳು. ಹಾಲಮ್ಮ ಶಾಲೆಗೆ ಹೋಗುತ್ತೇನೆಂದು ಹೇಳಿ ಕ್ರಾಸಿಗೆ ನಡೆದು, ಕಾಲು ಗಂಟೆ ಮೊಮ್ಮಗಳನ್ನು ಎತ್ತಿಕೊಂಡಿದ್ದು, ಪಾಠ ಬಿಡುವ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದು, ಉಳಿದ ಹೆಂಗಸರ ಜೊತೆ ಮನೆಗೆ ಹೋಗುತ್ತಿದ್ದಳು. ಇದು ಅವ್ವನಿಗೆ ಗೊತ್ತಿತ್ತು. ಹಾಲಮ್ಮನ ಅಂಗೈಯಲ್ಲಿ ಬುಧವಾರ ಮಲ್ಲಿಗೆಯ ಘಮ ಇರುತ್ತದೆಂದು ಅಜ್ಜಿಗೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ‘ಗೈ’ ಒಂದೇ.

ಆ ತಿಂಗಳು ತಾಲೂಕಿನಿಂದ ಬಂದ ಮೇಲ್ವಿಚಾರಕರು ಪುಸ್ತಕ ನೋಡಿ ಅವ್ವನಿಗೆ, “ಹಾಜರಿ ಇಳೀತಾ ಇದೆಯಮ್ಮ, ಹೀಗಾದರೆ ಕೇಂದ್ರ ಉಳಿಯೋದಿಲ್ಲ” ಎಂದು ಹೇಳಿ, ಹಾಳೆಯ ತುದಿಗೆ ಸಹಿ ಹಾಕಿ ಹೋದರು. ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವಳಿಗೆ ಸಹಾಯ ಮಾಡಬೇಕೆಂದು ನಾನೇ ಒಂದು ಉಪಾಯ ಹುಡುಕಿದೆ. ನಮ್ಮ ಶಾಲೆಯಲ್ಲಿ ಬಾರದ ಮಕ್ಕಳ ಹೆಸರನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು, ಮರುದಿನ ಅವರು ನಾಚಿಕೊಂಡು ಬರುತ್ತಿದ್ದರು. ಅದೊಂದು ಬುಧವಾರ ಎಲ್ಲರೂ ಹೋದ ಮೇಲೆ ನಾನು ಸುದ್ದಿಯ ಕೆಳಗೆ ಒಂದು ಸಾಲು ಸೇರಿಸಿದೆ. ಗುರುವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅದನ್ನೂ ಓದಿದೆ.

“ನಿನ್ನೆಯ ಹಾಜರಿ ಹನ್ನೆರಡು. ಬಾರದವರು ಸಣ್ಣ ಈರಮ್ಮ, ಹಾಲಮ್ಮ, ಹುಲಿಗೆಮ್ಮ.”

ಕಟ್ಟೆಯ ತುದಿಯಲ್ಲಿ ಕೊಟ್ರಪ್ಪ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಬೇವಿನ ಕಡ್ಡಿ. ಕಡ್ಡಿ ತೆಗೆದ.

“ಯಾವ ಹಾಲಮ್ಮ?”

“ಊರಾಗ ಇರಾಕಿನ ಒಬ್ಬಾಕಿ ಹಾಲಮ್ಮ,” ಎಂದು ಯಾರೋ ನಕ್ಕರು. “ನಿನಗ ದಿನಾ ರೊಟ್ಟಿ ಬಡೀತಾಳಲ್ಲೋ, ಆಕೀನ. ಹೇಣ್ತಿ ಹೆಸರೂ ಮರ್ತಿ ಏನಲೇ?”

ಕೊಟ್ರಪ್ಪ ನಗಲಿಲ್ಲ.

“ಸಾಲಿಗಿ ಹೋಗಿ ಬಂದೆ ಅಂದ್ಲು ನಿನ್ನಿ. ಇನ್ನೊಮ್ಮಿ ಓದು ತಂಗಿ.”

ಅವನಿಗೆ ಕೇಳಿಸಿಲ್ಲವೆಂದುಕೊಂಡೆ. ಎರಡನೇ ಸಲ ಜೋರಾಗಿ ಓದಿದೆ.

ಒಳಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬೇಯಿಸುತ್ತಿದ್ದಳು. ಹೊಡೆಯಲಿಲ್ಲ. “ಯಾರು ಬರೀ ಅಂದ್ರು ನಿನಗ?” ಎಂದಳು. ಯಾರೂ ಇಲ್ಲ ಎಂದೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು, ಅಜ್ಜಿ ಬಂದು ತೆಗೆದಳು. ಅವ್ವ ಹೊರಗೆ ಹೋಗಿ ಒದ್ದೆ ಅರಿವೆಯಿಂದ ಇಡೀ ಹಲಗೆ ಒರೆಸಿದಳು, ನೀರಿನ ಸುದ್ದಿಯನ್ನೂ ಬಿಡಲಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹಾಲಮ್ಮ ಒಳಗೆ ಬಂದಿದ್ದಳು. ಸೆರಗು ತಲೆಯ ಮೇಲಿಂದ ಜಾರಿತ್ತು. ಕೂರು ಎಂದರೂ ಕೂರದೆ, ನಿಂತೇ ಅವ್ವನಿಗೆ ಹೇಳಿದಳು.

“ತಡಾ ಆಗಿ ಹೋದೆ, ಹೆಸರು ಕರದಾಗಿತ್ತು ಅಂದೀನಿ ಶಾರದಕ್ಕ. ನಂಬವಲ್ರು. ಸಂಜಿಗಿ ಬಂದು ಪುಸ್ತಕ ನೋಡ್ತಾರಂತ. ಆಕಿ ಮುಖ ನೋಡಿದಿ ಅಂತ ಗೊತ್ತಾದ್ರ ಅವತ್ತ ನಿನಗೂ ಈ ಮನಿಗೂ ಮುಗೀತು ಅಂತ ದೇವ್ರ ಮುಂದ ಆಣಿ ಮಾಡ್ಯಾರ. ಅವ್ರು ಆಣಿ ಮುರಿಯಾ ಮನಶಾ ಅಲ್ಲ.”

ಆಮೇಲೆ ನನ್ನ ಕಡೆ ತಿರುಗಿದಳು.

“ಎಷ್ಟು ಬುಧವಾರ ಬರದೀದಿ ಯವ್ವ?”

“ಹನ್ನೊಂದು.”

“ಹನ್ನೊಂದಾ?” ಅವಳು ಗೋಡೆ ಹಿಡಿದಳು. “ನನಗ ನಾಕೈದು ಅನಿಸಿತ್ತು.”

ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಆದ ಜಗಳವನ್ನು ನಾನು ಎರಡು ಪುಟ ಬರೆದಿದ್ದೇನೆ. ಅಜ್ಜಿಯ ಮಾತು ಒಂದೇ: ಪುಸ್ತಕ ಒಲೆಗೆ ಹಾಕು, ಇಲಿ ಕಡಿಯಿತು ಅನ್ನು. ಅವ್ವ ಆಗದು ಎಂದಳು. ಹಾಳೆಗಳಿಗೆ ನಂಬರು ಹೊಡೆದಿತ್ತು, ಮೇಲ್ವಿಚಾರಕರ ಸಹಿ ಇತ್ತು. ಪುಸ್ತಕ ಹೋದರೆ ಶಾಲೆಯೂ ಹೋಗುತ್ತಿತ್ತು, ಆಗ ಹದಿನೈದು ಹೆಂಗಸರಿಗೂ ಮನೆಯಿಂದ ಹೊರಗೆ ಬರುವ ಆ ಒಂದೂವರೆ ಗಂಟೆ ಇರುತ್ತಿರಲಿಲ್ಲ. ಪುಸ್ತಕ ತಿದ್ದಲೂ ಅವಳು ಒಪ್ಪಲಿಲ್ಲ. “ಹಂಗಾದ್ರ ಆ ಹೆಂಗಸಿನ ಸಂಸಾರ ಸುಡು,” ಎಂದು ಅಜ್ಜಿ ಎದ್ದು ಹೋದಳು. ನಾನು ಶಾಲೆಗೆ ಹೋಗಲಿಲ್ಲ. ಆ ವರ್ಷ ನಾನು ತಪ್ಪಿಸಿದ ಒಂದೇ ದಿನ ಅದು.

ಸಂಜೆ ಆರೂ ಮುಕ್ಕಾಲಿಗೆ ಕೊಟ್ರಪ್ಪ ಬಂದ. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲ ಒಳಗೆ ಕುಳಿತ. ಅವತ್ತು ಹದಿನೈದು ಜನವೂ ಬಂದಿದ್ದರು, ಸುದ್ದಿ ಬೆಳಿಗ್ಗೆಯೇ ಊರು ಸುತ್ತಿತ್ತು. ಹಾಲಮ್ಮ ಕಂಬದ ಪಕ್ಕ ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕುಳಿತಿದ್ದಳು. ಅಜ್ಜಿ ಮಂಚದ ಮೇಲೆ ಮೊದಲ ಸಲ ನಮ್ಮ ಕಡೆ ಮುಖ ಮಾಡಿ ಕುಳಿತಿದ್ದಳು.

“ಟೀಚರ್ರ, ಆ ಪುಸ್ತಕ ಒಂದೀಟು ಓದಸ್ರಿ.”

ಅವ್ವ ಪುಸ್ತಕ ತಂದು ನನ್ನ ಮುಂದಿಟ್ಟಳು. “ಬರದಾಕಿ ಆಕಿ. ಆಕೀನ ಓದ್ಲಿ,” ಎಂದಳು. ಹೀಗೆ ಓದು, ಹಾಗೆ ಓದು ಎಂದು ಹೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾನು ಹಾಲಮ್ಮನ ಸಾಲಿನ ಮೇಲೆ ಬೆರಳಿಟ್ಟೆ. ಮೊದಲ ಬುಧವಾರದ ಮನೆಯಲ್ಲಿ ‘ಗೈ’ ಎಂದು ನನ್ನ ಗುಂಡು ಅಕ್ಷರ. ಕೊಟ್ರಪ್ಪ ಮುಂದಕ್ಕೆ ಬಾಗಿ ನನ್ನ ಬೆರಳನ್ನೇ ನೋಡುತ್ತಿದ್ದ. ನಾನು ‘ಹಾಜರು’ ಎಂದೆ. ಬೆರಳು ಮುಂದೆ ಸರಿಸಿದೆ. ಹಾಜರು, ಹಾಜರು, ಹಾಜರು. ಹತ್ತು ಬುಧವಾರ ಬಂತು, ಹತ್ತು ಸಲವೂ ಹಾಜರು ಎಂದೆ. ನಿನ್ನೆಯ ಮನೆಗೆ ಬಂದಾಗ ಬೆರಳು ನಿಂತಿತು.

“ನಿನ್ನಿ?”

“ಹಾಜರು.”

“ಮತ್ತ ಬೆಳಿಗ್ಗಿ ಗೋಡಿ ಮುಂದ ಇಲ್ಲ ಅಂದಿ?”

“ತಪ್ಪು ಬರದಿದ್ದೆ.”

ಅವನು ಪುಸ್ತಕ ಎತ್ತಿ ದುರುಗಮ್ಮನ ಮುಂದೆ ಹಿಡಿದ. ದುರುಗಮ್ಮ ನಮ್ಮ ಶಾಲೆಯ ಹಿರಿಯಳು. ಹೊಲದ ಬದುವಿನ ತಂಟೆ ಬಂದರೆ ಊರವರು ಅವಳನ್ನು ಕರೆದು ಕೇಳುತ್ತಿದ್ದರು, ಅವಳು ಹೇಳಿದ್ದೇ ಕೊನೆ. ಎಪ್ಪತ್ತು ದಾಟಿದ ಆ ಮುದುಕಿ ಮೂರು ತಿಂಗಳಲ್ಲಿ ಕಲಿತದ್ದು ತನ್ನ ಹೆಸರು ಮತ್ತು ಆ ಎರಡು ಗುರುತು.

“ನೀ ಓದಬೇ ಯಮ್ಮ. ನೀ ಸುಳ್ಳು ಹೇಳಾಕಿ ಅಲ್ಲ.”

ದುರುಗಮ್ಮ ಕನ್ನಡಕ ಸರಿಪಡಿಸಿಕೊಂಡಳು. ನಿನ್ನೆಯ ಮನೆಯ ಮೇಲೆ ಬೆರಳಿಟ್ಟು, ಬೆರಳನ್ನು ಒತ್ತಿ ಹಿಡಿದು, ಪಾಠದಲ್ಲಿ ಓದುವ ಹಾಗೆಯೇ ತಡವರಿಸಿ ಓದಿದಳು.

“ಹಾ… ಜ… ರು.”

ಅವನು ಪುಸ್ತಕವನ್ನು ಪಕ್ಕದಲ್ಲಿ ಕುಳಿತಿದ್ದ ನಾಗಮ್ಮನಿಗೆ ಕೊಟ್ಟ. ನಾಗಮ್ಮ ಹಾಜರು ಎಂದಳು. ಸಣ್ಣ ಈರಮ್ಮ ಹಾಜರು ಎಂದಳು. ಕೊನೆಗೆ ಕಂಬದ ಕಡೆ ತಿರುಗಿ “ನೀ ಓದು,” ಎಂದ. ಹಾಲಮ್ಮ ತನ್ನ ಹೆಸರಿನ ಮುಂದೆ ಇದ್ದದ್ದನ್ನು ನೋಡಿ, ಗಂಡನ ಮುಖ ನೋಡದೆ, ಇಲ್ಲದ್ದನ್ನು ಓದಿದಳು. ಕೊಟ್ರಪ್ಪ ಪುಸ್ತಕ ಮುಚ್ಚಿ ಅವ್ವನ ಕೈಗೆ ಕೊಟ್ಟ.

“ಎಲ್ಲಾರು ಒಂದ ರಾಗದಾಗ ಓದಿದ್ರಿ. ಛಲೋ ಕಲಿಸೀರಿ ಟೀಚರ್ರ.” ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. “ನಾಳಿಂದ ನಾನೂ ಬರ್ತೀನ್ರಿ. ಸ್ಲೇಟು ತರ್ಬೇಕೋ, ನೀವ ಕೊಡ್ತೀರೋ?”

ಅವ್ವ ಪುಸ್ತಕವನ್ನು ಗೂಡಿನಲ್ಲಿಟ್ಟಳು.

“ನಾವ ಕೊಡ್ತೀವಿ. ಬರ್ರಿ ಕೊಟ್ರಪ್ಪಣ್ಣ.”

ಮರುದಿನ ಹದಿನಾರನೇ ಹೆಸರು ಬರೆದೆ. ಗಂಡಸರ ಪೈಕಿ ಅದೇ ಮೊದಲು. ಅವನು ಯಾಕೆ ಬಂದನೆಂದು ಎಲ್ಲರಿಗೂ ಗೊತ್ತಿತ್ತು. ಪುಸ್ತಕ ತಾನೇ ಓದಬೇಕು. ಅಂದರೆ ಅವನು ಒಂದೊಂದು ಅಕ್ಷರ ಕಲಿತಾಗಲೂ ನಾವು ಸಿಕ್ಕಿಬೀಳುವ ದಿನ ಹತ್ತಿರ ಬರುತ್ತಿತ್ತು. ಅಜ್ಜಿ ಒಲೆಯ ಮುಂದೆ ಮತ್ತೊಂದು ಉಪಾಯ ಹೇಳಿದಳು.

“ತಪ್ಪು ಅಕ್ಷರ ಕಲ್ಸು ಅವಗ. ಅದನ್ನ ಇದು ಅನ್ನು, ಇದನ್ನ ಅದು ಅನ್ನು. ವರ್ಷಗಟ್ಲೆ ಹೊಳ್ಳಾಡ್ಲಿ.”

“ನಂಬಿ ಬಂದಾವ್ಗ ತಪ್ಪು ಕಲ್ಸಿದ ಮ್ಯಾಲೆ ನಾಳೆ ನಾ ಆ ಹಲಿಗಿ ಮುಂದ ಹೆಂಗ ನಿಂದ್ರಲಿ ಅತ್ತಿ?”

“ಹಾಲಮ್ಮ ಬೀದ್ಯಾಗ ನಿಂತಾಗ ಹೆಂಗ ನಿಂದಿರ್ತಿ, ಅದನ್ನ ಹೇಳು ಮೊದಲು.”

ಅವ್ವ ಕೊಟ್ರಪ್ಪನಿಗೆ ಉಳಿದವರಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಕಲಿಸಲಿಲ್ಲ. ನಡುವೆ ಸೇರಿದವನಾದ್ದರಿಂದ ಅವನಿಗೆ ಹಿಂದಿನ ಪಾಠ ಹೇಳಿಕೊಡುವ ಕೆಲಸ ನನಗೆ ಬಂತು. ಅವನ ಬಳಿ ಕುರಿಯ ವಾಸನೆ, ಬೀಡಿಯ ವಾಸನೆ. ಬಳಪ ಹಿಡಿದರೆ ಗಂಟುಗಂಟಾದ ಬೆರಳುಗಳ ನಡುವೆ ಅದು ಕಾಣುತ್ತಲೇ ಇರಲಿಲ್ಲ. ಒತ್ತಿ ಬರೆದು ಮೊದಲ ವಾರದಲ್ಲೇ ಆರು ಬಳಪ ಮುರಿದ. ಆದರೆ ಒಮ್ಮೆ ಕಲಿತದ್ದನ್ನು ಮರೆಯಲಿಲ್ಲ. ಒಂಬತ್ತನೇ ಪಾಠ ಮುಗಿದರೆ ಅವನು ಹಾಜರಿ ಪುಸ್ತಕ ಓದಬಲ್ಲ ಎಂದು ನಾನು ಲೆಕ್ಕ ಹಾಕಿಟ್ಟಿದ್ದೆ. ಹದಿನಾರನೇ ದಿನ ಒಂಬತ್ತನೇ ಪಾಠ ಬಂದಾಗ ಪಾಠಪುಸ್ತಕದ ಎರಡು ಹಾಳೆ ಒಟ್ಟಿಗೆ ತಿರುವಿದೆ. ಅವನು ಹೆಬ್ಬೆರಳು ಅಡ್ಡ ಇಟ್ಟ.

“ಒಂದು ಹಾಳಿ ಬಿಟ್ಟಿ ತಂಗಿ.”

“ಗೊತ್ತಾಗಲಿಲ್ಲ ಮಾಮ.”

“ನಿನಗ ಗೊತ್ತಾಗಂಗಿಲ್ಲ. ನೀ ಎಣಿಸಾಕಿ. ನಾವು ಕುರಿ ಎಣಿಸಂಗಿಲ್ಲ. ದೊಡ್ಡಿಗಿ ಬಂದಾಗ ಒಮ್ಮಿ ನೋಡ್ತೀವಿ, ಯಾವ್ದು ಇಲ್ಲ ಅಂತ ಕಣ್ಣಿಗಿ ಹೊಡಿತೈತಿ.”

ಹಾಳೆಯನ್ನು ಅವನೇ ಹಿಂದಕ್ಕೆ ತಿರುವಿದ.

ಅದಕ್ಕಿಂತ ಕಷ್ಟವಾದದ್ದು ಬುಧವಾರಗಳು. ಗಂಡ ಎದುರಿಗೆ ಇರುವಾಗ ಹಾಲಮ್ಮ ಕ್ರಾಸಿಗೆ ಹೋಗುವ ಹಾಗಿರಲಿಲ್ಲ. ಮಗಳಿಗೆ ತಿಳಿಸುವ ದಾರಿಯೂ ಇರಲಿಲ್ಲ. ಅವ್ವ ನಮ್ಮ ಫೋನಿನಿಂದ ಹೇಳುತ್ತೇನೆಂದಳು, ಆದರೆ ರೇಣುಕಾಳ ನಂಬರು ಹಾಲಮ್ಮನಿಗೆ ಗೊತ್ತಿರಲಿಲ್ಲ. ಮೊದಲ ಬುಧವಾರ ಏಳೂ ಐದಕ್ಕೆ ಕ್ರಾಸಿನ ಕಡೆಯಿಂದ ಹಾರನ್ ಕೇಳಿಸಿತು. ಮೂರು ಸಲ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಪಡಸಾಲೆಯಲ್ಲಿ ಎಲ್ಲ ಬಳಪಗಳೂ ನಿಂತವು. ಹಾಲಮ್ಮ ಸ್ಲೇಟಿನಿಂದ ತಲೆ ಎತ್ತಲಿಲ್ಲ, ಬರೆದ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬರೆಯುತ್ತಿದ್ದಳು. ಅವ್ವ ಜೋರಾಗಿ ಮಗ್ಗಿ ಹೇಳಿಸತೊಡಗಿದಳು. ಏಳೂ ಇಪ್ಪತ್ತಕ್ಕೆ ಆಟೋ ಹೊರಟ ಸದ್ದು ಕೇಳಿಸಿತು. ಎರಡನೇ ಬುಧವಾರವೂ ಹಾರನ್, ಮೂರನೆಯದಕ್ಕೂ ಹಾರನ್. ನಾಲ್ಕನೇ ಬುಧವಾರ ಕೊಟ್ರಪ್ಪ ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟ.

“ಯಾವ ಗಾಡಿ ಅದು? ವಾರವಾರ ಒದರ್ತೈತಿ?”

“ಹೂವಿನ ಗಾಡಿ ಇರ್ಬೇಕು ಬಿಡಪ್ಪ,” ಎಂದಳು ಅಜ್ಜಿ ಮಂಚದಿಂದ. “ಕ್ರಾಸಿನಾಗ ದನ ಅಡ್ಡ ಬರ್ತಾವ.”

ಅವನು ಮತ್ತೆ ಬಳಪ ಎತ್ತಿಕೊಂಡ. ಹಾಲಮ್ಮ ಆ ತಿಂಗಳಲ್ಲಿ ಇಳಿದುಹೋದಳು. ತೊಟ್ಟ ಬಳೆ ಮೊಣಕೈವರೆಗೆ ಹತ್ತುತ್ತಿದ್ದವು. ಗಂಡ ಬರತೊಡಗಿದ ಮೇಲೆ ಅವಳ ಸಾಲಿನಲ್ಲಿ ಒಂದೂ ‘ಗೈ’ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ಸಾಲು ನನ್ನ ಪುಸ್ತಕದಲ್ಲಿ ಹಿಂದೆಂದೂ ಬಂದಿರಲಿಲ್ಲ. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮೂವತ್ತಮೂರನೇ ದಿನ, ಮಂಗಳವಾರ, ಪಾಠ ಶುರುವಾಗುವ ಮೊದಲೇ ಕೊಟ್ರಪ್ಪ ಬಂದು ಪುಸ್ತಕ ಕೇಳಿದ. ಅದು ಎಂದಿನಂತೆ ಗೂಡಿನಲ್ಲಿತ್ತು. ಅವ್ವ ಅದನ್ನು ಒಂದು ದಿನವೂ ಬಚ್ಚಿಟ್ಟಿರಲಿಲ್ಲ. ಅವನು ಬೆಳಕಿನ ಕೆಳಗೆ ಚಕ್ಕಳಮಕ್ಕಳ ಕುಳಿತು ಹಾಳೆ ತಿರುವಿದ. ಹೆಂಗಸರು ಒಬ್ಬೊಬ್ಬರಾಗಿ ಬಂದು, ನೋಡಿ, ಸದ್ದಿಲ್ಲದೆ ಕುಳಿತರು. ಹಾಲಮ್ಮ ಬಾಗಿಲಲ್ಲೇ ನಿಂತಳು. ಅವನು ಏಳನೇ ಸಾಲನ್ನು ಮೊದಲಿಂದ ಕೊನೆಯವರೆಗೆ ಓದಿದ. ತುಟಿ ಅಲ್ಲಾಡುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಮತ್ತೆ ಮೊದಲಿಗೆ ಹೋಗಿ, ಮೇಲಿದ್ದ ವಾರದ ಹೆಸರುಗಳ ಮೇಲೆ ಬೆರಳಾಡಿಸಿದ. ಹದಿನೆಂಟು ನಿಮಿಷ ಹಿಡಿಯಿತು.

“ಬುಧವಾರ,” ಎಂದ. “ಎಲ್ಲಾ ಬುಧವಾರ.”

ಅವನು ದುರುಗಮ್ಮನನ್ನು ನೋಡಿದ.

“ಅವತ್ತು ಏನ್ ಓದಿದಿ ಯಮ್ಮ?”

“ನನಗ ಕಣ್ಣು ಸರಿ ಕಾಣವಲ್ವಪ್ಪ,” ಎಂದಳು ದುರುಗಮ್ಮ, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ.

ಅವನು ನನ್ನ ಕಡೆ ತಿರುಗಿದ.

“ನೀ ಏನ್ ಓದಿದಿ?”

“ಸುಳ್ಳು ಓದಿದೆ ಮಾಮ.”

“ಬರದದ್ದು?”

“ಖರೇ ಬರದಿದ್ದೆ.”

“ಖರೇ ಬರದು ಸುಳ್ಳು ಯಾಕ ಓದಿದಿ?”

ನಾನು ಹಾಲಮ್ಮನನ್ನು ನೋಡಿದೆ. ಅವ್ವ ನನ್ನ ಹಿಂದೆ ಬಂದು ನಿಂತು ಭುಜದ ಮೇಲೆ ಕೈ ಇಟ್ಟಳು. ಅವನು ಪುಸ್ತಕವನ್ನು ತಾನೇ ಗೂಡಿನಲ್ಲಿಟ್ಟು, ತನ್ನ ಜಾಗದಲ್ಲಿ ಕುಳಿತು, ಸ್ಲೇಟು ತೆಗೆದುಕೊಂಡ. ಪಾಠ ನಡೆಯಿತು. ಪಾಠ ಬಿಟ್ಟ ಮೇಲೆ ಹೆಂಗಸರು ಹಾಲಮ್ಮನನ್ನು ನಡುವೆ ಹಾಕಿಕೊಂಡು ಮನೆಯವರೆಗೆ ಬಿಟ್ಟು ಬಂದರು. ಮರುದಿನ ಬೆಳಿಗ್ಗೆ ಅವ್ವ ನನ್ನನ್ನು ಎರಡು ಸಲ ಹಾಲಮ್ಮನ ಮನೆಯ ಮುಂದೆ ಹಾದುಬರಲು ಕಳಿಸಿದಳು. ಗಂಟುಮೂಟೆ ಹೊರಗೆ ಬಿದ್ದಿದೆಯೇ ಎಂದು ನೋಡಬೇಕಿತ್ತು. ಬಿದ್ದಿರಲಿಲ್ಲ. ಹಾಲಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ಇಲ್ಲ ಎಂದೋ ಇನ್ನೂ ಇಲ್ಲ ಎಂದೋ ತಿಳಿಯಲಿಲ್ಲ.

ಆ ಬುಧವಾರ ಗಂಡ ಹೆಂಡತಿ ಇಬ್ಬರೂ ಬಂದರು. ಏಳಕ್ಕೆ ಹಾಜರಿ ಹಾಕಿದೆ, ಹದಿನಾರೂ ‘ಹಾ’. ಏಳೂ ನಾಲ್ಕಕ್ಕೆ ಹಾರನ್ ಕೇಳಿಸಿತು. ಹಾಲಮ್ಮನ ಕೈಯಿಂದ ಬಳಪ ಬಿತ್ತು. ಕೊಟ್ರಪ್ಪ ಸ್ಲೇಟನ್ನು ಮಗುಚಿಟ್ಟು, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವ್ವ “ಕೊಟ್ರಪ್ಪಣ್ಣ” ಎಂದು ಬಾಗಿಲವರೆಗೆ ಓಡಿದಳು. ಅವನು ತಿರುಗಲಿಲ್ಲ. ಹಾಲಮ್ಮ ಏಳಲು ಹೋಗಿ ಮತ್ತೆ ಕಂಬಕ್ಕೆ ಒರಗಿದಳು. ಅಜ್ಜಿ ಮಂಚದಿಂದ ಇಳಿದು ಅವಳ ಪಕ್ಕ ನೆಲದ ಮೇಲೆ ಕುಳಿತು ಕೈ ಹಿಡಿದಳು. ಹಾರನ್ ಮತ್ತೊಮ್ಮೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ನಾವು ಕೂಗಾಟಕ್ಕೆ ಕಾದೆವು, ಅಳುವಿಗೆ ಕಾದೆವು. ಬೀದಿಯ ನಾಯಿ ಬೊಗಳಿದರೆ ಎಲ್ಲರೂ ಬಾಗಿಲು ನೋಡುತ್ತಿದ್ದರು. ಏಳೂ ಇಪ್ಪತ್ತಾರಕ್ಕೆ ಆಟೋ ಹೊರಟ ಸದ್ದಾಯಿತು. ಏಳೂ ನಲವತ್ತೊಂದಕ್ಕೆ ಕೊಟ್ರಪ್ಪ ಒಳಗೆ ಬಂದ. ಹೆಂಡತಿಯನ್ನು ನೋಡಲಿಲ್ಲ. ಕುಳಿತು, ಸ್ಲೇಟು ತಿರುಗಿಸಿ, ಅರ್ಧಕ್ಕೆ ನಿಂತಿದ್ದ ಸಾಲು ಪೂರ್ತಿ ಮಾಡಿದ.

ಏಳು ದಿನ ಯಾರೂ ಏನೂ ಕೇಳಲಿಲ್ಲ. ಮುಂದಿನ ಬುಧವಾರ ಏಳಕ್ಕೆ ಐದು ನಿಮಿಷ ಇದ್ದಾಗ ಹಾಲಮ್ಮ ಕಂಬದ ಪಕ್ಕ ತಲೆ ಬಗ್ಗಿಸಿ ಕುಳಿತಿದ್ದಳು. ಕೊಟ್ರಪ್ಪ ಬರೆಯುತ್ತಲೇ, ಮುಖ ಎತ್ತದೆ ಹೇಳಿದ:

“ಏಯ್, ಬುಧವಾರ ಅಲ್ಲೇನು ಇವತ್ತು? ಹೊತ್ತಾತು ನೋಡು.”

ಹಾಲಮ್ಮನಿಗೆ ಅದು ತನಗೇ ಹೇಳಿದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಜ್ಜಿ ಹಿಂದಿನಿಂದ ಅವಳನ್ನು ತಿವಿದಳು. ಅವಳು ಎದ್ದಳು, ಗಂಡನ ಮುಂದೆಯೇ ಹಾದು ಹೊಸ್ತಿಲು ದಾಟಿದಳು, ಅಂಗಳದಲ್ಲಿ ಅವಳು ಓಡಿದ ಸದ್ದು ನಮಗೆಲ್ಲ ಕೇಳಿಸಿತು. ಕೊಟ್ರಪ್ಪ ಆಗಲೂ ಸ್ಲೇಟಿನಿಂದ ಕಣ್ಣು ಕೀಳಲಿಲ್ಲ. ಮಗಳ ಹೆಸರನ್ನು ಅವನು ಕೊನೆಯವರೆಗೂ ಎತ್ತಲಿಲ್ಲ, ಅವಳನ್ನು ಮನೆಗೂ ಕರೆಯಲಿಲ್ಲ. ಆದರೆ ಆ ವರ್ಷ ಶಾಲೆ ಮುಚ್ಚುವವರೆಗೆ ಒಂದು ಬುಧವಾರವೂ ಹಾಲಮ್ಮನನ್ನು ತಡೆಯಲಿಲ್ಲ.

ಅವನು ಎದ್ದು ಹೋದ ಆ ಬುಧವಾರ ಕ್ರಾಸಿನಲ್ಲಿ ಏನಾಯಿತು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಕೊಟ್ರಪ್ಪ ಮಾಮ ಈಗಿಲ್ಲ. ಹಾಲಮ್ಮನನ್ನು ಕೇಳಿದರೆ, “ಅವ್ರು ಹೇಳಲಿಲ್ಲ, ನಾ ಕೇಳಲಿಲ್ಲ,” ಎನ್ನುತ್ತಾಳೆ. ಹೋದ ತಿಂಗಳು ರೇಣುಕಾಳನ್ನು ಕೇಳಿದೆ. ಅವತ್ತು ಆಟೋದ ಹತ್ತಿರ ಯಾರೂ ಬರಲಿಲ್ಲ, ಅಪ್ಪನನ್ನು ತಾನು ನೋಡಲೇ ಇಲ್ಲ, ಮಗು ಬಹಳ ಅಳುತ್ತಿತ್ತೆಂದು ಇಳಿದು ಎತ್ತಿಕೊಂಡು ಅಡ್ಡಾಡಿಸುತ್ತಿದ್ದದ್ದು ಅಷ್ಟೇ ನೆನಪು ಎಂದಳು. ಕೊಟ್ರಪ್ಪ ನಮ್ಮ ಮನೆ ಬಿಟ್ಟದ್ದು ಏಳೂ ನಾಲ್ಕಕ್ಕೆ, ವಾಪಸು ಬಂದದ್ದು ಏಳೂ ನಲವತ್ತೊಂದಕ್ಕೆ. ಹೋಗಿಬರುವ ದಾರಿ ಇಪ್ಪತ್ತು ನಿಮಿಷ. ಉಳಿದ ಹದಿನೇಳು ನಿಮಿಷ ಅವನು ಎಲ್ಲಿ ನಿಂತಿದ್ದ? ಆಗ ಕ್ರಾಸಿನಲ್ಲಿ ಒಂದು ಚಹಾದಂಗಡಿ ಇತ್ತು, ಕೊನೆಯ ಬಸ್ಸಿಗೆ ಕಾಯುವವರೂ ಇರುತ್ತಿದ್ದರು. ಆ ಸಂಜೆ ಅಲ್ಲಿದ್ದವರು, ಕಂಬಳಿ ಹೊದ್ದ ಎತ್ತರದ ಮನುಷ್ಯನೊಬ್ಬ ಹೂವಿನ ಆಟೋದ ಕಡೆ ನೋಡುತ್ತ ನಿಂತದ್ದನ್ನು ಕಂಡವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ನನಗೊಂದು ಕಾಗದ ಬರೆಯಿರಿ. ಕಂಡಷ್ಟೇ ಬರೆದರೆ ಸಾಕು. ಹಾಲಮ್ಮನಿಗೆ ಈಗ ಕನ್ನಡಕ ಬಂದಿದೆ, ಓದು ಮರೆತಿಲ್ಲ. ನಿಮ್ಮ ಕಾಗದವನ್ನು ನಾನು ಓದಿ ಹೇಳುವುದಿಲ್ಲ, ಅವಳ ಕೈಗೇ ಕೊಡುತ್ತೇನೆ.